ಲಿಬ್ರೆ ಆಫೀಸಿನ ಕನ್ನಡ–ಮಲಯಾಳ ಕಡತ ವರ್ಡ್‌ನಲ್ಲಿ ಪುಟ ತಪ್ಪುವುದೇಕೆ?

ಕುಂಬಳೆಯ ಅಧ್ಯಾಪಕ:
ಮಾನ್ಯರೇ, ನಮ್ಮ ಕನ್ನಡ ಮಾಧ್ಯಮ ಶಾಲೆಯಲ್ಲಿರುವುದು ಕೇರಳ ಸರಕಾರದ ಕೈಟ್ ಸಂಸ್ಥೆ ಒದಗಿಸಿದ ಉಚಿತ ತಂತ್ರಾಂಶಗಳಾದ ಲಿನಕ್ಸ್ ಮತ್ತು ಲಿಬ್ರೆ ಆಫೀಸ್. ಮಕ್ಕಳ ಕತೆ, ಕವಿತೆಗಳ ಜೊತೆಗೆ ಕೆಲವು ಮಲಯಾಳ ಬರಹಗಳನ್ನೂ ಸೇರಿಸಿ 48 ಪುಟಗಳ ಸಂಚಿಕೆಯನ್ನು ಲಿಬ್ರೆ ಆಫೀಸಿನ ಬರಹ ತಂತ್ರಾಂಶವಾದ ರೈಟರ್‌ನಲ್ಲಿ ಜೋಡಿಸಿ, ವರ್ಡ್ ಬಳಸುವ ಡಾಕ್ಸ್ ಕಡತವಾಗಿ ಮಂಗಳೂರಿನ ಮುದ್ರಣಾಲಯವೊಂದಕ್ಕೆ ಕಳುಹಿಸಿದೆ. ಅವರ ವರ್ಡ್‌ನಲ್ಲಿ ಅದು 53 ಪುಟವಾಗಿ, ಕವಿತೆಗಳ ಕೊನೆಯ ಸಾಲುಗಳು ಮುಂದಿನ ಪುಟಕ್ಕೆ ಜಾರಿವೆ. ಅವರು ನುಡಿ ಎಂಬ ಕನ್ನಡ ತಂತ್ರಾಂಶದಲ್ಲಿ ಬೆರಳಚ್ಚಿಸಿ ಕಳುಹಿಸಿದ ಮುನ್ನುಡಿ ನನ್ನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ. ಹಣ ಕೊಟ್ಟು ವರ್ಡ್ ಕೊಳ್ಳದೆ ಬೇರೆ ದಾರಿ ಇಲ್ಲವೇ?

ಮಂಜೇಶ್ವರದ ಡಿಟಿಪಿ ಕೆಲಸಗಾರ್ತಿ:
ಮಾಸ್ತರರೇ, ಮುನ್ನುಡಿಯ ತೊಂದರೆಗೂ ವರ್ಡ್‌ಗೂ ಸಂಬಂಧವಿಲ್ಲ. ನುಡಿಯ ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸಂಕೇತಗಳ ಮೇಲೆ ಕನ್ನಡದ ಆಕಾರಗಳನ್ನು ಕೂರಿಸಿದಂಥವು. ಆ ಫಾಂಟ್ ಇಲ್ಲದಿದ್ದರೆ ವರ್ಡ್‌ನಲ್ಲಿಯೂ ಹಾಗೆಯೇ ಕಾಣುತ್ತದೆ. ನುಡಿಯಲ್ಲಿಯೇ ಯುನಿಕೋಡ್ (ಪ್ರತಿ ಲಿಪಿಯ ಅಕ್ಷರಗಳಿಗೂ ಅವುಗಳದೇ ಸಂಕೇತ ಕೊಡುವ ಪದ್ಧತಿ) ಆಯ್ಕೆ ಇರುವುದರಿಂದ ಅದರಲ್ಲಿ ಕೊಡುವಂತೆ ಕೇಳಿ. ಇರುವುದನ್ನು ಪರಿವರ್ತಕದಿಂದ ಯುನಿಕೋಡಿಗೆ ತಂದರೆ ಅರ್ಕಾವತ್ತನ್ನೂ ಒತ್ತಕ್ಷರಗಳನ್ನೂ ಕಣ್ಣಿಟ್ಟು ಓದಿ.

ಕಾಸರಗೋಡಿನಿಂದ ಇನ್ನೊಬ್ಬರು:
ಪುಟ ಜಾರುವುದಕ್ಕೆ ಕಾರಣ ಬೇರೆ. ಲಿಬ್ರೆ ಆಫೀಸಿನ ಕಡತರೂಪವಾದ ಒಡಿಎಫ್ 2006ರಲ್ಲಿಯೂ ವರ್ಡ್‌ನ ಕಡತರೂಪ 2008ರಲ್ಲಿಯೂ ಐಎಸ್‌ಒ ಮಾನಕಗಳಾದವು, ಎರಡು ತಂತ್ರಾಂಶಗಳೂ ಪರಸ್ಪರರ ಕಡತಗಳನ್ನು ಓದುತ್ತವೆ. ಆದರೆ ನಾವಾಗಿ ಪುಟ ಮುರಿಯದ ಕಡೆ ಯಾವ ಸಾಲು ಯಾವ ಪುಟದಲ್ಲಿ ನಿಲ್ಲಬೇಕೆಂಬುದನ್ನು ಕಡತವು ನಿರ್ಧರಿಸುವುದಿಲ್ಲ. ತೆರೆದಾಗಲೆಲ್ಲ ತಂತ್ರಾಂಶವೇ ಅಕ್ಷರಗಳ ಅಗಲ ಎತ್ತರಗಳನ್ನು ನೋಡಿ ಪುಟ ಕಟ್ಟುತ್ತದೆ. ನೀವು ಬಳಸಿದ ಫಾಂಟ್ ಅಲ್ಲಿಲ್ಲದಿದ್ದರೆ ಬದಲಿ ಫಾಂಟ್ ಬರುತ್ತದೆ. ಕೆಳಗೆ ಒತ್ತಕ್ಷರ ಇಳಿಯುವ ಕನ್ನಡದಲ್ಲಿ ಸಾಲಿನ ಎತ್ತರ ಸ್ವಲ್ಪ ಬದಲಾದರೂ ಅದು ಪುಟಗಟ್ಟಲೆ ಬೆಳೆಯುತ್ತದೆ.

ನಮ್ಮ ಕಡೆಯವರಿಗೆ ಮುಖ್ಯವಾದ ಇನ್ನೊಂದು ಸಂಗತಿ ಇದೆ. ರೈಟರ್ ಕನ್ನಡ ಮಲಯಾಳಗಳೆರಡನ್ನೂ ಸಂಕೀರ್ಣ ಲಿಪಿಗಳೆಂಬ ಒಂದೇ ಗುಂಪಿನಲ್ಲಿಟ್ಟು ಒಂದೇ ಫಾಂಟ್ ಹೆಸರು ಕೊಡುತ್ತದೆ. ಮಲಯಾಳಕ್ಕೆಂದು ರಚನಾ ಫಾಂಟ್ ಆರಿಸಿದರೆ, ಅದೇ ಶೈಲಿಯ (ಫಾಂಟ್, ಗಾತ್ರ ಮುಂತಾದವನ್ನು ಒಟ್ಟಾಗಿ ಹೊಂದಿಸಿಟ್ಟ ಹೆಸರು) ಕನ್ನಡ ಸಾಲುಗಳಿಗೂ ಆ ಹೆಸರೇ ಅಂಟುತ್ತದೆ. ಅದರಲ್ಲಿ ಕನ್ನಡದ ಅಕ್ಷರಗಳಿಲ್ಲದ ಕಾರಣ ಪ್ರತಿ ಯಂತ್ರವೂ ತನಗೆ ತೋಚಿದ ಕನ್ನಡ ಫಾಂಟನ್ನು ತಂದುಕೊಳ್ಳುತ್ತದೆ. ಆದ್ದರಿಂದ ಎರಡು ಭಾಷೆಗಳಿಗೂ ಬೇರೆ ಬೇರೆ ಶೈಲಿಗಳನ್ನು ಮಾಡಿ, ಕನ್ನಡದ ಶೈಲಿಗೆ ನೋಟೋ ಕನ್ನಡದಂಥ ಮುಕ್ತ ಫಾಂಟನ್ನು ಕೊಟ್ಟು, ಅದನ್ನೇ ಮುದ್ರಣಾಲಯದಲ್ಲಿಯೂ ಹಾಕಿಸಿಕೊಳ್ಳಿ. ತಿದ್ದುಪಡಿ ಮುಗಿದ ಮೇಲೆ ಅಚ್ಚಿಗೆ ಪಿಡಿಎಫ್ ಕೊಡಿ. ಅದರೊಳಗೆ ಫಾಂಟ್ ಸೇರಿಯೇ ಹೋಗುತ್ತದೆ.

ಕುಂಬಳೆಯ ಅಧ್ಯಾಪಕ:
ಹೇಳಿದಂತೆಯೇ ಆಗಿದೆ. ಶೀರ್ಷಿಕೆಗಳಿಗೆ ರಚನಾ ಆರಿಸಿದ್ದೆ, ಅದು ಕವಿತೆಗಳಿಗೂ ಹಬ್ಬಿತ್ತು. ಶೈಲಿ ಬೇರ್ಪಡಿಸಿ ಎರಡೂ ಕಡೆ ಒಂದೇ ಫಾಂಟ್ ಹಾಕಿದ ಮೇಲೆ ವರ್ಡ್‌ನಲ್ಲಿ 49 ಪುಟ ಬಂದಿತು. ಉಳಿದ ಒಂದು ಪುಟಕ್ಕಾಗಿ ಹೆಣಗದೆ, ಇಲ್ಲಿಂದಲೇ 48 ಪುಟದ ಪಿಡಿಎಫ್ ಕಳುಹಿಸಿದ್ದೇನೆ. ಇಬ್ಬರಿಗೂ ಕೃತಜ್ಞತೆಗಳು.