ಕಲ್ಪನೆಯ ಗವಿಹಲ್ಲಿ: ಇಂಥದ್ದು ಬದುಕುತ್ತಾ?

ಕಲ್ಲುಹೂವು: ಕಥೆಯೊಂದಕ್ಕೆ ಕಟ್ಟಿದ ಪ್ರಾಣಿ, ಹೆಸರು ‘ಬಿಳಿ ಗವಿಹಲ್ಲಿ’. ಸುಣ್ಣಕಲ್ಲಿನ ಗುಹೆಯೊಳಗೇ ಹುಟ್ಟಿ ಒಳಗೇ ಸಾಯುತ್ತೆ. ಗೇಣುದ್ದ, ಬಿಳಿ ಮೈ, ಕಣ್ಣಿಲ್ಲ, ಬೆರಳಲ್ಲಿ ಅಂಟುಪಟ್ಟಿ. ಗುಹೆಯ ಉಷ್ಣಾಂಶ 12 ಡಿಗ್ರಿ. ಲೊಚಗುಟ್ಟಿ, ಪ್ರತಿಧ್ವನಿ ಕೇಳಿ ಜಿರಳೆ ಹಿಡಿಯುತ್ತೆ. ಒಂದು ಸಲಕ್ಕೆ 20 ಮೊಟ್ಟೆ, ಬಾವಲಿ ಹಿಕ್ಕೆಯ ರಾಶಿಯಲ್ಲಿ. ತಪ್ಪಿದ್ದರೆ ಹೇಳಿ.

ಶೀತರಕ್ತ: ಮೊದಲು ಆ 12 ಡಿಗ್ರಿ ತೆಗೀರಿ. ಗುಹೆಯ ಆಳದಲ್ಲಿ ಹೆಚ್ಚುಕಡಿಮೆ ಹೊರಗಿನ ವಾರ್ಷಿಕ ಸರಾಸರಿ ಉಷ್ಣಾಂಶವೇ ಇರೋದು, ಹಗಲಾಗಲಿ ರಾತ್ರಿಯಾಗಲಿ. ಮೈ ಕಾಯಿಸೋಕೆ ಬಿಸಿಲಿಲ್ಲ, ಬಿಸಿಕಲ್ಲೂ ಇಲ್ಲ. ಆ ಚಳಿಯಲ್ಲಿ ತಿಂದದ್ದು ಅರಗಲ್ಲ, ಮೊಟ್ಟೆಯೊಳಗೆ ಮರಿ ಬೆಳೆಯಲ್ಲ. ಉಷ್ಣವಲಯದ ತಗ್ಗುಪ್ರದೇಶಕ್ಕೆ ತನ್ನಿ, 24–25 ಸಿಗುತ್ತೆ.

ಕಲ್ಲುಹೂವು: ಗುಹೆನೀರಿನ ಕುರುಡು ಪ್ರಾಣಿ ಓಲ್ಮ್ ತಣ್ಣೀರಲ್ಲೇ ಬದುಕುತ್ತಲ್ಲ?

ಶೀತರಕ್ತ: ಅದು ಹಲ್ಲಿಯೇ ಅಲ್ಲ, ಸಾಲಮಾಂಡರ್, ಕಪ್ಪೆಯ ಕಡೆಯ ನೆಂಟ. ವರ್ಷಗಟ್ಟಲೆ ಉಪವಾಸ ಇರಬಲ್ಲದು. ಅದರ ಲೆಕ್ಕ ಇಲ್ಲಿಗೆ ತರಬೇಡಿ.

ನಾದಲೋಲ: ಪ್ರತಿಧ್ವನಿ ಬೇಟೆಯೂ ನಡೆಯಲ್ಲ. ಲೊಚಗುಟ್ಟೋ ಸದ್ದು 5 ಕಿಲೋಹರ್ಟ್ಸ್ ಅಂತಿಟ್ಟುಕೊಂಡರೆ ಗಾಳಿಯಲ್ಲಿ ಅದರ ತರಂಗದುದ್ದ ಸುಮಾರು 7 ಸೆಂ.ಮೀ. ಅದಕ್ಕಿಂತ ಚಿಕ್ಕದಾದ 3 ಸೆಂ.ಮೀ. ಜಿರಳೆಯಿಂದ ವಾಪಸ್ ಬರೋದು ತೀರಾ ಕ್ಷೀಣ. ಹುಳ ಹಿಡಿಯೋ ಬಾವಲಿಗಳು ಸಾಮಾನ್ಯವಾಗಿ 20 ಕಿಲೋಹರ್ಟ್ಸ್‌ಗಿಂತ ಮೇಲೆ ಕೂಗೋದು ಇದಕ್ಕೇ, ಅಲ್ಲಿ ತರಂಗ ಗಿಡ್ಡ. ನಾಲಿಗೆ ಬಳಸಿ: ನೆಲ ನೆಕ್ಕಿ ತಂದ ವಾಸನೆ ಅಂಗುಳಿನ ಜೇಕಬ್‌ಸನ್ ಅಂಗಕ್ಕೆ ಮುಟ್ಟುತ್ತೆ. ಲೊಚಲೊಚ ಬೇಕೇ ಬೇಕಂದ್ರೆ ಗಂಡುಗಳ ಜಗಳಕ್ಕೆ ಇಡಿ.

ಹೆಜ್ಜೆಗುರುತು: ಅಂಟುಪಟ್ಟಿನೂ ಬೇಡ. ಒದ್ದೆ ಸುಣ್ಣಕಲ್ಲಿನ ಮೇಲೆ ನೀರಿನ ಪದರ ಅಡ್ಡ ಬಂದರೆ ಹಿಡಿತ ಸಡಿಲ. ಗುಹೆಗಳಲ್ಲಿ ಸಿಗೋ ಸಿರ್ಟೋಡ್ಯಾಕ್ಟೈಲಸ್ ಹಲ್ಲಿಗಳನ್ನ ನೋಡಿ: ಪಟ್ಟಿ ಇಲ್ಲ, ಬಾಗಿದ ಸಣಕಲು ಬೆರಳು, ತುದಿಯಲ್ಲಿ ಉಗುರು. ಕಲ್ಲಿನ ಗೀರಿಗೆ ಕೊಕ್ಕೆ ಹಾಕಿ ಹತ್ತುತ್ತವೆ. ಕಣ್ಣೂ ದೊಡ್ಡವೇ.

ಕವಲುನಾಲಿಗೆ: ಹಾಗಂತ ಕಣ್ಣು ಕೊಡಲೇಬೇಕಾ? ನೆಲ ಕೊರೆಯೋ, ಹಾವಿನಂಥ ಸರೀಸೃಪ ಡಿಬಾಮಿಡ್‌ಗಳಿಗೆ ಕಣ್ಣು ಚಿಪ್ಪಿನಡಿ ಹುದುಗಿಹೋಗಿದೆ. ಮೆಕ್ಸಿಕೋದ ಗುಹೆಮೀನು ಕಣ್ಣು ಕಳಕೊಂಡಿದೆ, ಅದೇ ಜಾತಿಯ ಹೊಳೆಮೀನಿಗೆ ಕಣ್ಣಿದೆ.

ಹೆಜ್ಜೆಗುರುತು: ಆ ಮೀನು ಒಳಗೇ ಉಳೀತು. ಗುಹೆಯ ಹಲ್ಲಿ ರಾತ್ರಿ ಗುಹೆಬಾಯಿಗೆ ಬಂದು ಹೊರಗಿನ ಹುಳನೂ ತಿನ್ನುತ್ತೆ, ಹೊರಗಿನವುಗಳ ಜೊತೆ ಕೂಡುತ್ತೆ. ಆ ದಾರಿ ತೆರೆದಿರೋವರೆಗೂ ಕುರುಡು ಹಲ್ಲಿ ಹಿಂದೆ ಬೀಳುತ್ತೆ.

ಕವಲುನಾಲಿಗೆ: ಕಥೆಯಲ್ಲಿ ಬಾಯಿ ಕುಸಿದು ಮುಚ್ಚಿದರಾಯ್ತು!

ಶೀತರಕ್ತ: ಮುಚ್ಚಿದರೆ ಬಾವಲಿ ಹೊರಗೆ. ಹಿಕ್ಕೆ ಇಲ್ಲದೆ ಜಿರಳೆ ಇಲ್ಲ, ಜಿರಳೆ ಇಲ್ಲದೆ ಹಲ್ಲಿ ಇಲ್ಲ. ಬಾವಲಿ ಹಾರೋ ಕಿಂಡಿಯನ್ನ ಚಾವಣಿಯಲ್ಲಿ ಬಿಡಿ, ಹಲ್ಲಿ ಏರಲಾಗದಂತೆ ಅಂಚು ಒಳಕ್ಕೆ ಚಾಚಿರಲಿ, ಮೇಲಿಂದ ನೀರು ಜಿನುಗ್ತಿರಲಿ. ಹೊರಗಿನ ಹಲ್ಲಿಗಳೂ ಬೀಳದಿದ್ದರೆ ಕವಲುನಾಲಿಗೆಯವರ ಕುರುಡು ಹಲ್ಲಿಗೆ ಒಪ್ಪಿಗೆ, ಆದರೆ ಕಾಲ ಸಾವಿರಾರು ತಲೆಮಾರು ಬೇಕು.

ನಾದಲೋಲ: ಮೊಟ್ಟೆ ಮಾತ್ರ 2ಕ್ಕೆ ಇಳಿಸಿ. ಮನೆಹಲ್ಲಿಯ ಬಳಗದಲ್ಲಿ (ಗೆಕ್ಕೊ) ಬಹುತೇಕ ಇಡೋದೇ ಅಷ್ಟು. ಹಸಿ ಹಿಕ್ಕೆಯಲ್ಲಿ ಅಮೋನಿಯಾ, ಮೇಲಾಗಿ ಸಿಕ್ಕಿದ್ದನ್ನೆಲ್ಲ ಮೇಯೋ ಜೀರುಂಡೆ. ಗಟ್ಟಿ ಚಿಪ್ಪಿನ ಮೊಟ್ಟೆಯನ್ನ ರಾಶಿಗಿಂತ ಮೇಲೆ, ಗೋಡೆಯ ಬಿರುಕಿಗೆ ಅಂಟಿಸಲಿ.

ಕಲ್ಲುಹೂವು: ಕಿಂಡಿ, ಉಗುರು, 2 ಮೊಟ್ಟೆ, 25 ಡಿಗ್ರಿ: ಎಲ್ಲಾ ತಿದ್ದುತ್ತೀನಿ. ಬಿಳಿ ಮೈ ಬಿಡಲ್ಲ.

ಹೆಜ್ಜೆಗುರುತು: ಇರಲಿ. ಮರಿಗೆ ಮಾತ್ರ ಮಾಸಲು ಪಟ್ಟೆ ಉಳಿಸಿ, ಹಳೆಯ ವಂಶದ ಗುರುತಿಗೆ.