ನೆರೆ ಇಳಿದ ಮೇಲೆ ರಸ್ತೆ, ಸೇತುವೆ, ಮೋರಿ: ಎಂಜಿನಿಯರ್ ಮೇಡಂಗೆ ಕೇಳಿ

ಅಡ್ಮಿನ್: ಇವತ್ತು ಸುಮಾ ಮೇಡಂ ಉತ್ತರಿಸುತ್ತಾರೆ. ರಸ್ತೆ, ಸೇತುವೆ ವಿನ್ಯಾಸ ಅವರ ಕೆಲಸ. ಕೇಳುವ ಮುಂಚೆ ಮೇಲಿನ ಉತ್ತರಗಳನ್ನು ದಯವಿಟ್ಟು ಓದಿ.

ಪ್ರವೀಣ್: ನಮಸ್ಕಾರ ಮೇಡಂ. ರಸ್ತೆ ಮೇಲೆ ಮೊಣಕಾಲಿಗಿಂತ ಕಮ್ಮಿ ನೀರು ಹರೀತಿದೆ. ಕಾರು ದಾಟಿಸಬಹುದಾ?

ಸುಮಾ: ನಮಸ್ಕಾರ. ಬೇಡ. ರಭಸದ ನೀರು 15 ಸೆಂ.ಮೀ. ಇದ್ದರೂ ದೊಡ್ಡವರು ಕಾಲೂರಿ ನಿಲ್ಲಲಾರರು. 30 ಸೆಂ.ಮೀ.ಗೆ ಸಣ್ಣ ಕಾರು ತೇಲಿಹೋಗಬಹುದು, 60ಕ್ಕೆ ಬಹುತೇಕ ವಾಹನಗಳು. ಇನ್ನೊಂದು ಅಪಾಯ ಕಣ್ಣಿಗೆ ಬೀಳುವುದೇ ಇಲ್ಲ: ನೀರು ರಸ್ತೆ ಹತ್ತಿ ಆಚೆ ಧುಮುಕುವ ಪಕ್ಕದಲ್ಲಿ ಮೊದಲು ಶೋಲ್ಡರ್, ಅಂದರೆ ಡಾಂಬರಿನ ಅಂಚಿನ ಮಣ್ಣು ಕೊಚ್ಚಿಹೋಗುತ್ತದೆ, ಆಮೇಲೆ ಡಾಂಬರಿನ ಅಡಿಯ ಜಲ್ಲಿ. ಮೇಲೆ ಡಾಂಬರಿನ ಹಾಳೆಯಷ್ಟೇ ಉಳಿದಿರುತ್ತದೆ.

ಸವಿತಾ: ಮೇಡಂ, ನಮ್ಮ ರಸ್ತೆ ಮೂರು ದಿನ ಮುಳುಗಿತ್ತು. ಈಗ ನೀರಿಲ್ಲ, ಡಾಂಬರು ಚೆನ್ನಾಗೇ ಕಾಣ್ತಿದೆ. ಟಿಪ್ಪರ್ ಬಿಡಬಹುದಾ?

ಸುಮಾ: ಮೇಲೆ ಒಣಗಿದೆ, ಒಳಗಲ್ಲ. ಅಡಿಯ ಮಣ್ಣು ನೀರು ಕುಡಿದಿದ್ದರೆ ಅದರ ತಾಳಿಕೆ ಬಹಳ ತಗ್ಗಿರುತ್ತದೆ. ರಸ್ತೆಗಾಗುವ ಹಾನಿ ಆಕ್ಸಲ್ ಭಾರದ ಸುಮಾರು ನಾಲ್ಕನೇ ಘಾತದಂತೆ ಏರುತ್ತದೆ. 5 ಟನ್ನಿನ ಬದಲು 10 ಟನ್ನಿನ ಆಕ್ಸಲ್ ಹೋದರೆ ಹಾನಿ ಎರಡು ಪಟ್ಟಲ್ಲ, 16 ಪಟ್ಟು. ಆದ್ದರಿಂದ ಬೈಕು, ಕಾರು ಬಿಡಿ, ಟಿಪ್ಪರ್ ತಡೆಯಿರಿ. ಅಷ್ಟರಲ್ಲಿ ಬದಿ ಚರಂಡಿಯ ಹೂಳು ತೆಗೆಯಿರಿ. ಶೋಲ್ಡರ್ ಮೇಲೆ ಕೂತ ಕೆಸರು ಕೆರೆದು, ಜಲ್ಲಿ ಪದರದ ನೀರು ಚರಂಡಿಗೆ ಇಳಿಯಲು ಅಲ್ಲಲ್ಲಿ ಅಡ್ಡ ಸೀಳು ಬಿಡಿ. ಚಕ್ರ ಹೋದಾಗ ಬಿರುಕಿನಿಂದ ಕೆಸರುನೀರು ಚಿಮ್ಮುತ್ತಿದ್ದರೆ ಒಳಗಿನ್ನೂ ನೀರಿದೆ ಎಂದೇ ಅರ್ಥ.

ಗಿರೀಶ್: (ಫಾರ್ವರ್ಡ್ ಮಾಡಿದ್ದು) ನೆರೆ ನಂತರ ಸೇತುವೆ ಬಿರುಕಿಗೆ ಸಿಮೆಂಟ್ ನೀರು ಸುರಿದರೆ ಕಲ್ಲಿನಂತೆ ಗಟ್ಟಿ. ಕುಡಿಯುವ ನೀರಿಗೆ ಪಟಕ ತಿರುವಿದರೆ ಸಾಕು, ರೋಗವಿಲ್ಲ. ಮುಳುಗಿದ ಗಾಡಿ ತಕ್ಷಣ ಸ್ಟಾರ್ಟ್ ಮಾಡಿದರೆ ಎಂಜಿನ್ ಒಣಗುತ್ತದೆ. ಎಲ್ಲರಿಗೂ ಹಂಚಿ.

ಸುಮಾ: ಹಂಚಬೇಡಿ. ಮೂರೂ ತಪ್ಪು. ಪಟಕದಿಂದ ಕೆಸರು ತಳಕ್ಕೆ ಕೂರುತ್ತದೆ, ರೋಗಾಣು ಸಾಯುವುದಿಲ್ಲ. ತಿಳಿ ಬಗ್ಗಿಸಿಕೊಂಡು ಕೊತಕೊತ ಕುದಿಸಲೇಬೇಕು. ಸಿಲಿಂಡರಿಗೆ ನೀರು ಹೋಗಿರುವಾಗ ಸ್ಟಾರ್ಟ್ ಮಾಡಿದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ, ನೀರನ್ನು ಒತ್ತಿ ಕುಗ್ಗಿಸಲಾಗದು. ಬಿರುಕಿನ ವಿಷಯ ಆಮೇಲೆ ಬರೆಯುತ್ತೇನೆ.

ಮಹೇಶ್: ಮೇಡಂ, ಎರಡು ಕಣ್ಣಿನ ಸಣ್ಣ ಸೇತುವೆ. ನಿನ್ನೆ ರಾತ್ರಿಯಿಂದ ನೀರು ಬೇಗ ಬೇಗ ಇಳೀತಿದೆ. ಸೇತುವೆ ಶುರುವಾಗೋ ಜಾಗದಲ್ಲಿ ರಸ್ತೆ ಎರಡು ಇಂಚು ಕೂತಿದೆ. ಮೂರು ಮೀಟರ್ ಹಿಂದೆ ರಸ್ತೆಗೆ ಅಡ್ಡವಾಗಿ ಬಿರುಕು. ಪಕ್ಕದ ಗೋಡೆ ಬುಡದಿಂದ ಕೆಂಪು ನೀರು ಬರ್ತಿದೆ. ಹುಡುಗರು ಗ್ರಾವೆಲ್ ತುಂಬಿದ್ರು, ಬಸ್ಸು ಓಡಾಡ್ತಿವೆ. ಪರವಾಗಿಲ್ವಾ?

ಸುಮಾ: ಮಹೇಶ್ ಅವರೇ, ಮೊದಲು ಬಸ್ಸು ನಿಲ್ಲಿಸಿ, ಆಮೇಲೆ ಇದನ್ನು ಓದಿ.

ನೀವು ಹೇಳಿದ್ದರಲ್ಲಿ ನನ್ನನ್ನು ಹೆದರಿಸುವುದು ಆ ಕೆಂಪು ನೀರು. ತಿಳಿನೀರು ಬಂದರೆ ಗೋಡೆಯ ಹಿಂದಿನ ನೀರು ಬಸಿಯುತ್ತಿದೆ ಎಂದುಕೊಳ್ಳಬಹುದು. ಬಣ್ಣದ ನೀರು ಬಂದರೆ ಮಣ್ಣೇ ಹೊರಗೆ ಹೋಗುತ್ತಿದೆ. ರಸ್ತೆ ಕೂತಿದ್ದು ಅದಕ್ಕೇ. ಡಾಂಬರಿನ ಅಡಿ ಪೊಳ್ಳಾಗಿದೆ, ಎಷ್ಟು ದೂರದವರೆಗೆ ಎಂದು ಮೇಲಿನಿಂದ ತಿಳಿಯದು. ನೀರು ಬೇಗ ಇಳಿದಿದ್ದೂ ಒಳ್ಳೆಯದಲ್ಲ. ಏರಿಯ ಮಣ್ಣಿನೊಳಗೆ ನೀರು ತುಂಬಿದೆ, ಹೊರಗಿನಿಂದ ಅದಕ್ಕೆ ಆನಿಕೆಯಾಗಿದ್ದ ನದಿ ಹಿಂದೆ ಸರಿದಿದೆ. ಇಂಥ ಏರಿಗಳು ನೆರೆ ಏರುವಾಗ ನಿಂತು, ಇಳಿಯುವಾಗ ಜಾರುತ್ತವೆ.

ಇನ್ನು ತಳಪಾಯ. ನೀರಿನ ವೇಗ ಎರಡು ಪಟ್ಟಾದರೆ ಅದು ಉರುಳಿಸಬಲ್ಲ ಕಲ್ಲಿನ ತೂಕ ಸುಮಾರು 64 ಪಟ್ಟಾಗುತ್ತದೆ. ಕಂಬದ ಮುಂದೆ ನೀರು ಕೆಳಕ್ಕೆ ಸುಳಿದು ತಳ ಕೊರೆಯುತ್ತದೆ. ಕಂಬಕ್ಕೆ ಮರದ ದಿಮ್ಮಿ, ಕಸ ಸಿಕ್ಕಿದ್ದರೆ ಕೊರೆತ ಇನ್ನೂ ಆಳ. ನೆರೆ ಇಳಿಯುವಾಗ ಅದೇ ಗುಂಡಿಗೆ ಸಡಿಲ ಮರಳು ತುಂಬಿಕೊಂಡು ತಳ ಮೊದಲಿನಂತೆಯೇ ಕಾಣುತ್ತದೆ. 1987ರ ಏಪ್ರಿಲ್‌ನಲ್ಲಿ ನ್ಯೂಯಾರ್ಕ್ ರಾಜ್ಯದ ಸ್ಕೊಹಾರಿ ಹೊಳೆಯ ಹೆದ್ದಾರಿ ಸೇತುವೆ ಬಿದ್ದು 10 ಜನ ಸತ್ತಿದ್ದು ತಳಪಾಯದ ಅಡಿ ಕೊರೆದಿದ್ದರಿಂದ. ಮೇಲಿನ ಕಾಂಕ್ರೀಟ್ ನೋಡಿ ಧೈರ್ಯ ತಂದುಕೊಳ್ಳಬೇಡಿ.

ನಿಮ್ಮಿಂದ ಆಗುವುದಿಷ್ಟು. ಬಿರುಕಿನಿಂದ ದಡದ ಕಡೆಗೆ 20 ಮೀಟರ್ ಹಿಂದೆ ಅಡ್ಡ ಕಟ್ಟಿ, ಎದುರು ದಡದಲ್ಲೂ. ಬಿರುಕಿನ ಎರಡು ಪಕ್ಕ ಬಣ್ಣದಲ್ಲಿ ಗುರುತು ಹಾಕಿ, ನಡುವಿನ ಅಂತರವನ್ನು ಅರ್ಧ ಗಂಟೆಗೊಮ್ಮೆ ಸ್ಕೇಲಿನಲ್ಲಿ ಅಳೆದು ಬರೆದಿಡಿ. ಬಿರುಕಿನ ದಡದ ಕಡೆಯೇ ನಿಲ್ಲಿ, ಸೊಂಟಕ್ಕೆ ಹಗ್ಗ ಇರಲಿ, ಒಬ್ಬರೇ ಹೋಗಬೇಡಿ. ಅಲ್ಲಿಂದಲೇ ಉದ್ದನೆಯ ಹಾರೆಯಲ್ಲಿ ಬಡಿದು ಸದ್ದು ಕೇಳಿ. ನೀರಿಗೆ ಇಳಿಯಬೇಡಿ. ಗ್ರಾವೆಲ್, ಸಿಮೆಂಟ್ ನೀರು ಏನೂ ಸುರಿಯಬೇಡಿ. ಪೊಳ್ಳು ತುಂಬುವುದಿಲ್ಲ, ಮುಚ್ಚಿಹೋಗುತ್ತದೆ ಅಷ್ಟೇ. ನಾಳೆ ನೋಡಲು ಬರುವವರಿಗೂ ಏನೂ ಕಾಣುವುದಿಲ್ಲ.

ದುರಸ್ತಿ ಎಂದರೆ ಸಡಿಲ ಮಣ್ಣನ್ನೆಲ್ಲ ಗಟ್ಟಿ ನೆಲ ಸಿಗುವವರೆಗೆ ತೆಗೆದು, ಗೋಡೆಯ ಹಿಂದೆ ನೀರು ಬಸಿಯುವ ಕಲ್ಲು ಮರಳು ಹಾಕಿ, 15ರಿಂದ 20 ಸೆಂ.ಮೀ. ಪದರಗಳಲ್ಲಿ ತುಂಬಿ ರೋಲ್ ಮಾಡಬೇಕು. ಗೋಡೆಯಲ್ಲಿ ವೀಪ್ ಹೋಲ್, ಅಂದರೆ ಹಿಂದಿನ ನೀರು ಹೊರಬರುವ ತೂತು, ಬಿಡಿಸಬೇಕು. ಬುಡಕ್ಕೆ ಬಂಡೆ ಪೇರಿಸುವ ಮುನ್ನ ಅಡಿಗೆ ಫಿಲ್ಟರ್ ಬಟ್ಟೆ ಹಾಸಲೇಬೇಕು. ಬಟ್ಟೆ ಇಲ್ಲದಿದ್ದರೆ ಬಂಡೆ ಸಂದಿಯಿಂದ ಮಣ್ಣು ಸೋರಿ ಮುಂದಿನ ಮಳೆಗೆ ಬಂಡೆಗಳೇ ಕುಸಿಯುತ್ತವೆ.

ಶೈಲಜಾ: ಮೇಡಂ, ರಸ್ತೆ ಪಕ್ಕದ ನಮ್ಮ ಮಣ್ಣಿನ ಗೋಡೆ ಅರ್ಧ ಅಡಿ ಹೊರಗೆ ವಾಲಿದೆ. ಒಳಗೆ ಮಲಗಬಹುದಾ?

ಅನಿಲ್: ಗೋಡೆ ಆಮೇಲೆ. ಮೂಲ ಸಮಸ್ಯೆ ಎತ್ತರಿಸಿದ ರಸ್ತೆ. ಅದು ಅಣೆಕಟ್ಟಿನ ಹಾಗೆ ನೀರು ತಡೆದು ನಮ್ಮ ಕೇರಿ ಮುಳುಗಿಸ್ತಿದೆ. ಜೆಸಿಬಿ ತಂದು ರಸ್ತೆ ಕಡಿದ್ರೆ ಒಂದು ಗಂಟೆಯಲ್ಲಿ ನೀರು ಖಾಲಿ.

ನಾಗರಾಜ್: ಖಾಲಿ ಆಗಿ ಎಲ್ಲಿ ಹೋಗುತ್ತೆ ಸ್ವಾಮಿ? ನಮ್ಮ ಮನೆಗೆ. ರಸ್ತೆಯ ಈ ಕಡೆ ಇರೋರೂ ಮನುಷ್ಯರೇ.

ಅನಿಲ್: ನಿಮ್ಮ ಕಡೆ ಒಣಗಿದೆ, ಅದಕ್ಕೆ ಈ ಮಾತು. ನಮ್ಮಲ್ಲಿ ಸೊಂಟದವರೆಗೆ ನೀರು.

ನಾಗರಾಜ್: ಮೋರಿ ಬಾಯಿಗೆ ಕಸ ಸುರಿದೋರು ಯಾರು? ಮೊದಲು ಅದನ್ನ ತೆಗೀರಿ, ಆಮೇಲೆ ಜೆಸಿಬಿ ಮಾತಾಡಿ.

ಅನಿಲ್: ನಾಲಿಗೆ ಹಿಡಿತದಲ್ಲಿರಲಿ.

ಅಡ್ಮಿನ್: ಇಬ್ಬರೂ ನಿಲ್ಲಿಸಿ.

ಸುಮಾ: ಅನಿಲ್, ರಸ್ತೆ ನೀರು ತಡೆಯುತ್ತಿದೆ ಎನ್ನುವುದು ನಿಜ ಇರಬಹುದು. ಮೋರಿ ಸಾಲದ ಕಡೆ ಎತ್ತರದ ರಸ್ತೆ ಹಾಗೇ ಮಾಡುತ್ತದೆ, ಆ ತಪ್ಪು ರಸ್ತೆ ಕಟ್ಟಿದವರದು. ಆದರೆ ಕಡಿಯುವುದಕ್ಕೆ ಮುಂಚೆ ಎರಡೂ ಪಕ್ಕದ ನೀರಿನ ಮಟ್ಟ ಅಳೆದಿದ್ದೀರಾ? ವ್ಯತ್ಯಾಸ ಒಂದು ಗೇಣೂ ಇಲ್ಲದಿದ್ದರೆ ಕಡಿದೂ ಪ್ರಯೋಜನವಿಲ್ಲ, ಇಡೀ ಬಯಲೇ ತುಂಬಿದೆ ಎಂದರ್ಥ. ವ್ಯತ್ಯಾಸ ಒಂದು ಮೀಟರ್ ಇದ್ದರೆ ಎರಡು ಅಡಿಯ ಕಾಲುವೆ ನಿಮ್ಮ ಕಣ್ಣೆದುರೇ ಹತ್ತು ಮೀಟರ್ ಆಗಬಹುದು. ಜೆಸಿಬಿ, ಅದರ ಚಾಲಕ, ಒಳಗಿನ ಕುಡಿಯುವ ನೀರಿನ ಪೈಪು ಎಲ್ಲ ಹೋಗುತ್ತವೆ. ಕೆಳಗಿನ ಮನೆಗಳನ್ನು ತೆರವು ಮಾಡಿಸದೆ ಕಡಿದರೆ ಜೀವ ಹೋಗುತ್ತದೆ. ಆ ತೀರ್ಮಾನ ಆಡಳಿತದವರು ಸ್ಥಳಕ್ಕೆ ಬಂದು ಮಾಡಬೇಕು. ಕಸ ತೆಗೆಯುವುದೂ ಹರಿವು ಇರುವಾಗ ಕೈಯಿಂದ ಬೇಡ, ಮೋರಿ ಬಾಯಿ ಮನುಷ್ಯನನ್ನು ಒಳಗೆಳೆಯುತ್ತದೆ. ಏರಿಯ ಮೇಲಿನಿಂದ ಉದ್ದನೆಯ ಕೊಕ್ಕೆಯಲ್ಲಿ ಎಳೆಯಿರಿ.

ರೇಖಾ: ಮೇಡಂ, ನಮ್ಮದು ಎತ್ತರದ ಜೀಪು, ಎರಡು ಅಡಿ ನೀರು ಹರೀತಿದೆ. ಹೋಗಬಹುದಲ್ವಾ?

ಸುಮಾ: ಇಲ್ಲ. ಮೇಲೆ ಓದಿ.

ದಿನೇಶ್: ಲಾರಿ ಆದ್ರೆ?

ಸುಮಾ: ಇಲ್ಲ.

ಗಿರೀಶ್: ಮೇಡಂ, ನಾನು ಕಳಿಸಿದ್ದು ಅನುಭವಸ್ಥರು ಬರೆದಿದ್ದು. ಓದಿದವರಿಗೆ ಮಾತ್ರ ಎಲ್ಲ ಗೊತ್ತು ಅನ್ನೋದು ಸರಿಯಲ್ಲ.

ಸುಮಾ: ಯಾರು ಬರೆದರು ಎಂದು ನಿಮಗೂ ಗೊತ್ತಿಲ್ಲ, ಗಿರೀಶ್. ಅದನ್ನು ನಂಬಿ ಒಬ್ಬರು ಕೆಸರುನೀರು ಕುಡಿದು ಮಲಗಿದರೆ ಆ ಅನುಭವಸ್ಥರು ಬರುತ್ತಾರಾ? ಅಳಿಸಿ.

ನಾಗರಾಜ್: ಅನಿಲ್ ಅವರು ಈಗಾಗಲೇ ಜೆಸಿಬಿಗೆ ಹೇಳಿದ್ದಾರಂತೆ. ಅಡ್ಮಿನ್ ನೋಡ್ತಿದ್ದೀರಾ?

ಶೈಲಜಾ: ಗೋಡೆ ಬಗ್ಗೆ ಯಾರಾದ್ರೂ ಹೇಳಿ, ಪ್ಲೀಸ್.

ಮಹೇಶ್: ಮೇಡಂ, ಬಿರುಕು ಮೊದಲ ಸಲ 8 ಮಿ.ಮೀ., ಈಗ 14. ಸೇತುವೆ ಕಡೆಗೆ ಹೋದಂತೆ ಡಬ್ಬ ಬಡಿದ ಹಾಗೆ ಟೊಳ್ಳು ಸದ್ದು. ಬಸ್ಸು ನಿಲ್ಲಿಸಿದ್ವಿ, ಬೈಕು ಮಾತ್ರ ಬಿಡ್ತಿದ್ದೀವಿ.

ಸುಮಾ: ಬೈಕೂ ಬೇಡ, ನಡೆದು ಹೋಗುವವರೂ ಬೇಡ. ಅಂತರ ಹೆಚ್ಚುತ್ತಿದೆ ಎಂದರೆ ಮಣ್ಣು ಇನ್ನೂ ಜಾರುತ್ತಿದೆ. ಅಳೆಯುವುದನ್ನೂ ನಿಲ್ಲಿಸಿ, ಎಲ್ಲರೂ ಅಡ್ಡದ ಹಿಂದಕ್ಕೆ ಬನ್ನಿ. ಎರಡೂ ದಡದಲ್ಲಿ ರಾತ್ರಿಯಿಡೀ ದೀಪ, ಇಬ್ಬಿಬ್ಬರು ಕಾವಲು. ಹಾಕಿದ ಅಡ್ಡ ಸರಿಸಿ ನುಗ್ಗುವವರು ಇದ್ದೇ ಇರುತ್ತಾರೆ, ಆದ್ದರಿಂದ ದಿಮ್ಮಿಯನ್ನೇ ಹಾಕಿ, ಹಗ್ಗ ಸಾಲದು. ಅಳತೆ ಬರೆದ ಚೀಟಿ, ಸಮಯದ ಸಮೇತ, ರಸ್ತೆ ಇಲಾಖೆಯವರಿಗೂ ಪೊಲೀಸರಿಗೂ ಈಗಲೇ ಕಳಿಸಿ.