ಆಸ್ಟ್ರಿಯಾದಲ್ಲಿ ಸ್ಕೀ ರಜೆ: ಹೋಟೆಲ್ ಬುಕ್ ಮಾಡುವ ಮುಂಚೆ ಏನೇನು ಕೇಳಬೇಕು?

ಪ್ರಶ್ನೆ: ಎಲ್ಲರಿಗೂ ನಮಸ್ಕಾರ. ನಾವಿರೋದು ಮ್ಯೂನಿಕ್‌ನಲ್ಲಿ. ಫೆಬ್ರವರಿಯಲ್ಲಿ ಒಂದು ವಾರ ಟಿರೋಲ್‌ನ ಸೆರ್‌ಫಾಸ್‌ಗೆ ಹೋಗುವ ಯೋಚನೆ ಇದೆ. ನಾವಿಬ್ಬರು, 5 ಮತ್ತು 8 ವರ್ಷದ ಮಕ್ಕಳು, ಜೊತೆಗೆ ದಾವಣಗೆರೆಯಿಂದ ಬರುತ್ತಿರುವ ನಮ್ಮ ಅತ್ತೆ. ಯಾರಿಗೂ ಸ್ಕೀ ಬರಲ್ಲ. ಅತ್ತೆಯವರು ಮೊಟ್ಟೆಯನ್ನೂ ಮುಟ್ಟಲ್ಲ. ಹಾಫ್ ಬೋರ್ಡ್ ಹೋಟೆಲ್ ಒಳ್ಳೆಯದಾ, ಅಡುಗೆಮನೆ ಇರುವ ಅಪಾರ್ಟ್‌ಮೆಂಟಾ?

ಉತ್ತರ (ಟಿರೋಲ್‌ನ ಹೋಟೆಲ್ ರಿಸೆಪ್ಷನ್): ಮೊಟ್ಟೆ ತಿನ್ನುವ ಸಸ್ಯಾಹಾರಿಗಳಾಗಿದ್ದರೆ ಕಣ್ಣು ಮುಚ್ಚಿ ಹಾಫ್ ಬೋರ್ಡ್ ಎನ್ನುತ್ತಿದ್ದೆ. ಬೆಳಗಿನ ಬಫೆ, ಹಲವು ಕಡೆ ಸಂಜೆ ತಿಂಡಿ, ರಾತ್ರಿ ನಾಲ್ಕೈದು ಕೋರ್ಸ್ ಊಟ ಎಲ್ಲ ಸೇರಿರುತ್ತದೆ. ದಿನವಿಡೀ ಹಿಮದಲ್ಲಿದ್ದು ಬಂದ ಮಕ್ಕಳಿಗೆ ಮತ್ತೆ ಅಡುಗೆ ಮಾಡಿ ಬಡಿಸುವುದು ಸುಲಭವಲ್ಲ. ಕುಡಿಯುವ ಪಾನೀಯಗಳಿಗೆ ಮಾತ್ರ ಬೇರೆ ಬಿಲ್. ಕೆಲವು ಕಡೆ ನಲ್ಲಿ ನೀರಿನ ಜಗ್ಗಿಗೂ ದುಡ್ಡು ತಗೊಳ್ಳುತ್ತಾರೆ.

ಆದರೆ ಮೊಟ್ಟೆ ಬೇಡವೆಂದರೆ ಲೆಕ್ಕವೇ ಬೇರೆ. ಇಲ್ಲಿನ ಮಾಂಸವಿಲ್ಲದ ಅಡುಗೆಯ ಬೆನ್ನೆಲುಬೇ ಮೊಟ್ಟೆ. ಸ್ಪೆಟ್ಜ್‌ಲೆ (ಹಿಟ್ಟಿನ ಸಣ್ಣ ನೂಡಲ್ಸ್), ಕ್ನ್ಯೋಡೆಲ್ (ಬೇಯಿಸಿದ ಉಂಡೆ), ಕೈಸರ್‌ಶ್ಮಾರ್ನ್ (ಚೂರು ಮಾಡಿದ ಸಿಹಿ ಪ್ಯಾನ್‌ಕೇಕ್) ಎಲ್ಲದರಲ್ಲೂ ಅದಿದೆ. ಅದಕ್ಕಿಂತ ಎಚ್ಚರ ಬೇಕಾದದ್ದು ಸೂಪ್ ವಿಷಯದಲ್ಲಿ. ಫ್ರಿಟಾಟೆನ್‌ಸುಪ್ಪೆ ನೋಡಲು ದೋಸೆಯನ್ನು ಎಳೆಎಳೆಯಾಗಿ ಹೆಚ್ಚಿ ತಿಳಿಸಾರಿಗೆ ಹಾಕಿದ ಹಾಗಿರುತ್ತದೆ, ಆದರೆ ಆ ಸಾರು ದನದ ಮೂಳೆ, ಮಾಂಸ ಬೇಯಿಸಿದ್ದು. ಕಾಸ್‌ಪ್ರೆಸ್‌ಕ್ನ್ಯೋಡೆಲ್ (ಚೀಸ್ ಹಾಕಿ ತಟ್ಟಿ ಕರಿದ ಉಂಡೆ) ಸೂಪ್ ಕೂಡ ಸಾಮಾನ್ಯವಾಗಿ ಹಾಗೇ. ಕೆಂಪು ಎಲೆಕೋಸಿನ ಪಲ್ಯಕ್ಕೆ ಹಂದಿಕೊಬ್ಬು ಬಿದ್ದಿರಬಹುದು, ಮೂಸ್ ಎಂಬ ಸಿಹಿತಿನಿಸಿನಲ್ಲಿ ಜೆಲಟಿನ್ (ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆದದ್ದು) ಇರಬಹುದು, ಪಾರ್ಮೆಸಾನ್ ಚೀಸ್ ಕರುವಿನ ಹೊಟ್ಟೆಯಿಂದ ತೆಗೆದ, ಹಾಲು ಒಡೆಸುವ ರೆನೆಟ್‌ನಿಂದ ಆಗುವಂಥದ್ದು.

ಮೆನುವಿನಲ್ಲಿ ಅಲರ್ಜಿ ಅಕ್ಷರಗಳು ಇರುತ್ತವೆ: ಎ ಅಂದರೆ ಗೋಧಿಯಂಥ ಗ್ಲುಟೆನ್ ಧಾನ್ಯ, ಸಿ ಮೊಟ್ಟೆ, ಡಿ ಮೀನು, ಜಿ ಹಾಲು. ಮೊಟ್ಟೆ ಹಿಡಿಯಲು ‘ಸಿ’ ಸಾಕು. ಮಾಂಸಕ್ಕೆ ಅಕ್ಷರವೇ ಇಲ್ಲ, ಅದನ್ನು ಬಾಯಿಬಿಟ್ಟು ಕೇಳಬೇಕು.

ನನ್ನ ಸಲಹೆ: ಬುಕ್ ಮಾಡುವ ಮೊದಲೇ ಹೋಟೆಲ್‌ಗೆ ಮೇಲ್ ಹಾಕಿ. ‘ವೆಜಿಟೇರಿಯನ್’ ಎಂದಷ್ಟೇ ಬರೆದರೆ ಮೊಟ್ಟೆ ಬಂದೇ ಬರುತ್ತದೆ. ಮಾಂಸ, ಮೀನು, ಮೊಟ್ಟೆ, ಮಾಂಸದ ಸಾರು, ಶ್ಪೆಕ್ (ಹೊಗೆ ಹಾಕಿದ ಹಂದಿಮಾಂಸ), ಜೆಲಟಿನ್ ಬೇಡ, ಹಾಲು, ಮೊಸರು, ಬೆಣ್ಣೆ ಆಗುತ್ತದೆ ಎಂದು ಜರ್ಮನ್‌ನಲ್ಲಿ ಪಟ್ಟಿ ಕೊಡಿ. ‘ಏಳು ರಾತ್ರಿಗೂ ಇದು ಸಾಧ್ಯವೇ?’ ಎಂದು ಕೇಳಿ. ‘ಖಂಡಿತ’ ಎಂಬ ಒಂದೇ ಪದದ ಉತ್ತರ ನನಗೆ ಸಾಲದು. ಅಡುಗೆಯವರು ಎರಡು ಮೂರು ತಿನಿಸಿನ ಹೆಸರು ಹೇಳಿದರೆ ಹೋಟೆಲ್ ಹಿಡಿಯಿರಿ. ಇಲ್ಲದಿದ್ದರೆ ಅಪಾರ್ಟ್‌ಮೆಂಟೇ ಸರಿ, ಬ್ರೆಡ್‌ರೋಲ್ ತಂದುಕೊಡುವ ಸೌಲಭ್ಯ ಇದೆಯಾ ಕೇಳಿ.

ಪ್ರಶ್ನೆ: ರೂಮಿನಲ್ಲಿ ರೈಸ್ ಕುಕ್ಕರ್ ಇಟ್ಟುಕೊಳ್ಳಬಹುದಾ ಸರ್? ಅತ್ತೆಯವರು ಊರಿಂದ ತುಪ್ಪ, ಚಟ್ನಿಪುಡಿ ತರ್ತೀನಿ ಅಂತಿದ್ದಾರೆ.

ಉತ್ತರ (ರಿಸೆಪ್ಷನ್): ಕುಕ್ಕರ್ ಬೇಡವೇ ಬೇಡ ಮೇಡಂ. ಒಗ್ಗರಣೆ ಹೊಗೆಯಷ್ಟೇ ಅಲ್ಲ, ದಟ್ಟ ಹಬೆಯೂ ಡಿಟೆಕ್ಟರನ್ನು ಕೂಗಿಸಬಲ್ಲದು. ಅಗ್ನಿಶಾಮಕ ದಳ ಬಂದರೆ ಖರ್ಚು ನಿಮ್ಮ ತಲೆಗೆ ಬರಬಹುದು. ಬಿಳಿ ಅನ್ನ ಬೇಕೆಂದು ಬೆಳಿಗ್ಗೆಯೇ ಹೇಳಿಟ್ಟರೆ ಅಡುಗೆಮನೆಯವರು ಸಾಮಾನ್ಯವಾಗಿ ಮಾಡಿಕೊಡುತ್ತಾರೆ. ಚಟ್ನಿಪುಡಿ, ಪುಳಿಯೋಗರೆ ಗೊಜ್ಜು ಜೊತೆಗಿರಲಿ. ತುಪ್ಪ, ಪೇಡ ಊರಿಂದ ಬೇಡ: ಹೊರಗಿನ ದೇಶಗಳಿಂದ ಹಾಲಿನ ಪದಾರ್ಥ, ಮಾಂಸ ತರುವುದನ್ನು ಯುರೋಪಿಯನ್ ಒಕ್ಕೂಟ ನಿಷೇಧಿಸಿದೆ. ಮ್ಯೂನಿಕ್‌ನಲ್ಲೇ ಕೊಳ್ಳಿ. ಕೋಣೆಯಲ್ಲಿ ಕೆಟಲ್ ಇರುತ್ತದೆಂದು ನಂಬಬೇಡಿ, ಹೆಚ್ಚಿನ ಕಡೆ ಇರಲ್ಲ.

ಪ್ರಶ್ನೆ: ಸ್ಕೀ, ಬೂಟು ಎಲ್ಲ ಬಾಡಿಗೆಗೆ ತಗೊಂಡರೆ ರಾತ್ರಿ ಎಲ್ಲಿಡೋದು?

ಉತ್ತರ (ಸ್ಕೀ ಬಾಡಿಗೆ ಅಂಗಡಿ ಟೆಕ್ನಿಷಿಯನ್): ಹೋಟೆಲ್‌ನ ಸ್ಕೀ ರೂಮಿನಲ್ಲಿ. ಕೋಣೆಗೆ ಬೂಟು ಹಾಕಿಕೊಂಡು ಹೋಗುವಂತಿಲ್ಲ. ಅಲ್ಲಿ ಬೂಟು ಒಣಗಿಸಲು ಬಿಸಿಗಾಳಿಯ ಕೊಳವೆಗಳಿವೆಯಾ ಅಂತ ಬುಕ್ ಮಾಡುವಾಗಲೇ ಕೇಳಿ. ಇನ್ನೊಂದು ಸ್ಟಾರ್ ಹೆಚ್ಚಿಗೆ ಇರುವುದಕ್ಕಿಂತ ಇದು ಮುಖ್ಯ. ಒಳಗಿನ ಲೈನರ್ ಒದ್ದೆ ಉಳಿದರೆ ಮಾರನೇ ದಿನ ಮಕ್ಕಳ ಕಾಲು ಮರಗಟ್ಟುತ್ತದೆ, ಹನ್ನೊಂದು ಗಂಟೆಗೇ ಅಳು ಶುರು. ಕಾರಿನಲ್ಲಂತೂ ಬಿಡಬೇಡಿ: ಚಳಿಗೆ ಪ್ಲಾಸ್ಟಿಕ್ ಬಿರುಸಾಗಿ ಕಾಲು ಒಳಗೇ ಹೋಗಲ್ಲ. ಗುಡ್ಡ ಹತ್ತಿಸುವ ಸ್ಕೀ ಲಿಫ್ಟ್ ಹತ್ತಿರ ಡಿಪೋ (ಸ್ಕೀ, ಬೂಟು ಇಡುವ ಲಾಕರ್) ಇದ್ದರೆ ಬಾಡಿಗೆ ಕೊಟ್ಟಾದರೂ ತಗೊಳ್ಳಿ, ಇಬ್ಬರು ಮಕ್ಕಳ ಸ್ಕೀಯನ್ನೂ ನೀವೇ ಹೊರುವುದು ತಪ್ಪುತ್ತದೆ.

ಅಳತೆ ಕೊಡುವಾಗ ತೂಕ ಸರಿಯಾಗಿ ಹೇಳಿ, ಸಂಕೋಚ ಬೇಡ. ತೂಕ, ಎತ್ತರ, ವಯಸ್ಸು, ಬೂಟಿನ ಅಡಿಭಾಗದ ಉದ್ದ, ಸ್ಕೀ ಮಾಡುವ ಮಟ್ಟ, ಇವಿಷ್ಟನ್ನು ನೋಡಿ ಬೈಂಡಿಂಗ್ (ಬೂಟನ್ನು ಸ್ಕೀಗೆ ಹಿಡಿದಿಡುವ ಕೊಂಡಿ) ಎಷ್ಟು ಬಲಕ್ಕೆ ಬಿಟ್ಟುಕೊಳ್ಳಬೇಕೆಂದು ಹೊಂದಿಸುತ್ತೇವೆ. ತೂಕ ಜಾಸ್ತಿ ಹೇಳಿದರೆ ಬಿದ್ದಾಗ ಸ್ಕೀ ಕಳಚಿಕೊಳ್ಳದೆ ಮಂಡಿಯ ಲಿಗಮೆಂಟ್ ಹರಿಯಬಹುದು. ಕಡಿಮೆ ಹೇಳಿದರೆ ಸುಮ್ಮನೆ ತಿರುಗುವಾಗಲೇ ಕಳಚುತ್ತದೆ. ವಾರದ ಮಧ್ಯೆ ಬೂಟು ಬದಲಿಸಲು ಬಂದರೆ ಸ್ಕೀಯನ್ನೂ ತನ್ನಿ, ಹೊಸ ಬೂಟಿಗೆ ಬೈಂಡಿಂಗ್ ಮತ್ತೆ ಹೊಂದಿಸಲೇಬೇಕು.

ಬೂಟು ಸರಿಯಿದೆಯಾ ನೋಡುವುದು ಹೀಗೆ: ನೇರ ನಿಂತಾಗ ಬೆರಳ ತುದಿ ಮುಂದಕ್ಕೆ ತಾಕಬೇಕು, ಮಂಡಿ ಬಗ್ಗಿಸಿದರೆ ಹಿಂದಕ್ಕೆ ಸರಿಯಬೇಕು. ಒಂದೇ ಜೊತೆ ತೆಳು ಸ್ಕೀ ಸಾಕ್ಸ್. ಎರಡು ಜೊತೆ ಹಾಕಿದರೆ ರಕ್ತ ಓಡಾಟ ಕಟ್ಟಿ ಇನ್ನೂ ಚಳಿ.

ಪ್ರಶ್ನೆ: ಶನಿವಾರದ ಬದಲು ಭಾನುವಾರ ಹೋದರೆ ಟ್ರಾಫಿಕ್ ತಪ್ಪುತ್ತಾ? ಇನ್ಶೂರೆನ್ಸ್ ಏನು ಬೇಕು?

ಉತ್ತರ (ರಿಸೆಪ್ಷನ್): ಫಾಶಿಂಗ್ (ಕಾರ್ನಿವಲ್) ರಜೆ ವಾರದಲ್ಲಿ ಹೆಚ್ಚಿನ ಹೋಟೆಲ್‌ಗಳು ಶನಿವಾರದಿಂದ ಶನಿವಾರಕ್ಕೇ ಕೊಡುತ್ತವೆ. ಮಕ್ಕಳ ಗುಂಪು ಕ್ಲಾಸು ಹೆಚ್ಚಾಗಿ ಭಾನುವಾರ ಅಥವಾ ಸೋಮವಾರ ಶುರುವಾಗುತ್ತದೆ, ಮೊದಲ ದಿನ ತಪ್ಪಿಸಬೇಡಿ. ಶನಿವಾರ ಫೆರ್ನ್‌ಪಾಸ್ ಘಾಟಿ ರಸ್ತೆಯಲ್ಲಿ ವಾಹನ ಸಾಲುಗಟ್ಟಿ ನಿಲ್ಲುತ್ತವೆ, ನಸುಕಿನಲ್ಲೇ ಹೊರಡಿ. ಎ12 ಹೆದ್ದಾರಿಗೆ ವಿನ್ಯೆಟ್ (ಮುಂಚೆಯೇ ಕೊಳ್ಳುವ ಟೋಲ್ ಪಾಸ್) ಬೇಕು. ನವೆಂಬರ್ 1ರಿಂದ ಏಪ್ರಿಲ್ 15ರವರೆಗೆ ಹಿಮ, ಮಂಜುಗಡ್ಡೆ ಇರುವ ರಸ್ತೆಯಲ್ಲಿ ಚಳಿಗಾಲದ ಟಯರ್ ಕಡ್ಡಾಯ, ಟಯರಿನ ಗೀರು ಕನಿಷ್ಠ 4 ಮಿಲಿಮೀಟರ್ ಆಳ ಇರಬೇಕು. ರೈಲಾದರೆ ಲಾಂಡೆಕ್-ಜಾಮ್ಸ್‌ನಲ್ಲಿ ಇಳಿದು ಬಸ್ಸು. ಊರೊಳಗೆ ಉಚಿತ ನೆಲದಡಿ ರೈಲು ಓಡುತ್ತದೆ, 1985ರಿಂದಲೂ ಇದೆ. ಅತ್ತೆಯವರಿಗೆ ಜಾರುವ ರಸ್ತೆಯ ಕಾಟ ಕಡಿಮೆ. ಗೊಂಡೊಲಾದಲ್ಲಿ (ಕೇಬಲ್ ಕಾರ್) ಮೇಲೆ ಹೋಗಲು ಅವರಿಗೆ ಪಾದಚಾರಿ ಟಿಕೆಟ್ ಸಾಕು, ಸ್ಕೀ ಪಾಸ್ ಬೇಡ.

ಇನ್ಶೂರೆನ್ಸ್: ಗುಡ್ಡದಲ್ಲಿ ಬಿದ್ದು ಹೆಲಿಕಾಪ್ಟರ್ ಬಂದರೆ ಬಿಲ್ ಸಾವಿರಾರು ಯೂರೋ, ಜರ್ಮನಿಯ ಸರ್ಕಾರಿ ಆರೋಗ್ಯ ವಿಮೆ ಅದನ್ನು ಕೊಡಲ್ಲ. ಪರ್ವತ ರಕ್ಷಣೆ ಸೇರಿರುವ ವಿದೇಶ ಪ್ರಯಾಣ ವಿಮೆ ಮಾಡಿಸಿ. ಜರ್ಮನ್ ಆಲ್ಪೈನ್ ಕ್ಲಬ್ ಸದಸ್ಯತ್ವದಲ್ಲಿ 25,000 ಯೂರೋವರೆಗೆ ರಕ್ಷಣಾ ವೆಚ್ಚ ಸೇರಿದೆ. ಅತ್ತೆಯವರ ಷೆಂಗೆನ್ (ಯುರೋಪ್ ವೀಸಾಕ್ಕೆ ಮಾಡಿಸುವ) ವಿಮಾ ಪಾಲಿಸಿಯಲ್ಲಿ ಜಾರುಬಂಡಿಯಂಥ ಚಳಿಗಾಲದ ಆಟಗಳನ್ನು ಹೊರಗಿಟ್ಟಿದ್ದಾರಾ ಓದಿ ನೋಡಿ.

ಪ್ರಶ್ನೆ: ವೀಸಾ ಬರದಿದ್ದರೆ ಬುಕಿಂಗ್ ದುಡ್ಡು ವಾಪಸ್ ಬರುತ್ತಾ?

ಉತ್ತರ (ರಿಸೆಪ್ಷನ್): ಹೋಟೆಲ್‌ನ ಷರತ್ತು ನೋಡಬೇಕು. ಆಸ್ಟ್ರಿಯಾದಲ್ಲಿ ಹಲವರು ಬಳಸುವ 2006ರ ಹೋಟೆಲ್ ಷರತ್ತುಗಳ ಪ್ರಕಾರ ಮೂರು ತಿಂಗಳ ಮುಂಚೆ ರದ್ದು ಮಾಡಿದರೆ ಏನೂ ಕೊಡಬೇಕಿಲ್ಲ. ಆಮೇಲೆ ಒಂದು ತಿಂಗಳವರೆಗೆ 40%, ಒಂದು ವಾರದವರೆಗೆ 70%, ಕೊನೆಯ ವಾರದಲ್ಲಿ 90%. ಹಾಗಾಗಿ ಅತ್ತೆಯವರ ಕೋಣೆಯನ್ನು ಬೇರೆ ಬುಕಿಂಗ್ ಆಗಿ, ರದ್ದು ವಿಮೆ ಸಮೇತ ಮಾಡಿಸಿ. ವೀಸಾ ನಿರಾಕರಣೆಗೂ ಆ ವಿಮೆ ಅನ್ವಯಿಸುತ್ತದಾ ಎಂದು ಮೊದಲೇ ಬರಹದಲ್ಲಿ ಕೇಳಿ ಇಟ್ಟುಕೊಳ್ಳಿ.